ಐರ್ಲೆಂಡನ್ನು ಆರಿಸಿದ್ದು ನಾನೇ

2009ರ ಆರಂಭದ ದಿನಗಳು. ನಾನು ಕಲಿಸುತ್ತಿದ್ದ ಭಾರತೀಯ ಶಾಲೆಯ ಪ್ರಿನ್ಸಿಪಾಲರು ನನ್ನನ್ನು ಕರೆಸಿ ಎರಡು ಹಾಳೆಯ ಸುತ್ತೋಲೆಯೊಂದನ್ನು ಕೈಗಿತ್ತರು. ದೋಹಾದಲ್ಲಿರುವ ಕೆಲವು ಯೂರೋಪಿನ ದೂತಾವಾಸಗಳು ಸೇರಿ ನಗರದ ಹೈಸ್ಕೂಲುಗಳಿಗೆ ಒಂದು ಸ್ಪರ್ಧೆ ಇಟ್ಟಿದ್ದವು. ವಿಷಯ ಯೂರೋಪಿನ ಅರ್ಥವ್ಯವಸ್ಥೆ ಮತ್ತು ಯೂರೋ ನಾಣ್ಯ. ತಂಡದಲ್ಲಿ ಇಬ್ಬರಿಂದ ನಾಲ್ವರು ವಿದ್ಯಾರ್ಥಿಗಳು. ಯೂರೋ ಬಳಸುವ ದೇಶಗಳ ಒಟ್ಟು ಪರಿಸ್ಥಿತಿಯನ್ನು ಮೊದಲು ಹೇಳಬೇಕು, ಆಮೇಲೆ ಅವುಗಳಲ್ಲಿ ಒಂದು ದೇಶವನ್ನು ಆರಿಸಿಕೊಂಡು ಅದರ ಒಂದು ತೊಂದರೆಯನ್ನು ಬಿಡಿಸಿ ತೋರಿಸಿ ಪರಿಹಾರ ಸೂಚಿಸಬೇಕು. ಹದಿನೈದು ನಿಮಿಷ ಮಾತು, ಹದಿನೈದು ನಿಮಿಷ ತೀರ್ಪುಗಾರರ ಪ್ರಶ್ನೆ. ಮಾರ್ಗದರ್ಶಕ ಶಿಕ್ಷಕ ಹಿಂದಿನ ಸಾಲಿನಲ್ಲಿ ಕೂರಬಹುದು, ಬಾಯಿ ತೆರೆಯುವಂತಿಲ್ಲ. ಕೊನೆಯಲ್ಲಿ ಒಂದು ಪ್ರಮಾಣಪತ್ರದ ನಮೂನೆ ಇತ್ತು: ‘ಇಲ್ಲಿರುವ ವಿಚಾರ ಮತ್ತು ತೀರ್ಮಾನಗಳು ವಿದ್ಯಾರ್ಥಿಗಳದ್ದೇ’ ಎಂದು ಪ್ರತಿ ಸುತ್ತಿಗೂ ಶಿಕ್ಷಕ ಸಹಿ ಹಾಕಬೇಕು.

ಆಗ ಗಲ್ಫ್ ದೇಶಗಳೂ ತಮಗೊಂದು ಏಕ ನಾಣ್ಯ ತರುವ ಮಾತಾಡುತ್ತಿದ್ದವು. ರಿಯಾಲು, ದಿನಾರು, ದಿರ್ಹಮ್ ಎಲ್ಲ ಹೋಗಿ ಒಂದೇ ಹಣ ಬರುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಹಾಗಾಗಿ ಸ್ಪರ್ಧೆಗೆ ತಕ್ಕ ಹವೆಯೂ ಇತ್ತು. ಹನ್ನೊಂದನೆಯ ಕ್ಲಾಸಿಗೆ ಅರ್ಥಶಾಸ್ತ್ರ ಕಲಿಸುವವನು ನಾನು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ, ಬೇಡ ಅನಿಸಿದರೆ ಬಿಡಬಹುದು ಎಂದರು ಪ್ರಿನ್ಸಿಪಾಲರು. ನಾನು ಅಲ್ಲೇ ಒಪ್ಪಿಕೊಂಡೆ.

ಒಪ್ಪಿಕೊಂಡದ್ದು ಯೂರೋಪಿನ ಮೇಲಿನ ಆಸಕ್ತಿಯಿಂದಲ್ಲ. ನಮ್ಮ ಶಾಲೆ ಬಿಡುವುದು ಮಧ್ಯಾಹ್ನ ಒಂದೂವರೆಗೆ. ಅಲ್ ಅಜೀಜಿಯಾ ಬಡಾವಣೆಯಲ್ಲಿ ಒಂದು ವಿಲ್ಲಾವನ್ನು ಮಧ್ಯೆ ಮಧ್ಯೆ ಗೋಡೆ ಎಬ್ಬಿಸಿ ಏಳು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂಬದಿಯ ತುಂಡು ನನ್ನದು. ಎರಡು ಗಂಟೆಗೆ ಹೋಗಿ ಅನ್ನ ಬಿಸಿ ಮಾಡಿಕೊಂಡರೆ ಮರುದಿನದ ಅಸೆಂಬ್ಲಿಯವರೆಗೆ ನನಗೆ ಯಾರೊಂದಿಗೂ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ. ಹೆಂಡತಿ ಮೊದಲು ದೋಹಾದಲ್ಲೇ ನರ್ಸ್ ಆಗಿದ್ದಳು. ಮೂರು ವರ್ಷದ ಹಿಂದೆ ಐರ್ಲೆಂಡಿನ ಒಂದು ಸರಕಾರಿ ಆಸ್ಪತ್ರೆಗೆ ಆಯ್ಕೆಯಾಗಿ ಹೋದಳು, ವರ್ಷ ಬಿಟ್ಟು ಮಗಳನ್ನೂ ಕರೆಸಿಕೊಂಡಳು. ನನ್ನ ಪದವಿಗೆ ಅಲ್ಲಿ ಮಾನ್ಯತೆ ಸಿಕ್ಕಿದ ಮೇಲೆ ನಾನೂ ಹೋಗುವುದೆಂದು ಮಾತಾಗಿತ್ತು. ಕಾಗದಗಳನ್ನು ಕಳಿಸಿದೆ. ಅವರು ಮತ್ತಷ್ಟು ಕಾಗದ ಕೇಳಿದರು. ಅದನ್ನೂ ಕಳಿಸಿದೆ. ಆ ಎರಡು ವರ್ಷದಲ್ಲಿ ನಾವು ಮೂವರು ಒಟ್ಟಿಗೆ ಇದ್ದದ್ದು ಒಂದೇ ಸಲ, ಉಡುಪಿಯಲ್ಲಿ ನನ್ನ ತಂಗಿಯ ಮದುವೆಯ ಗದ್ದಲದಲ್ಲಿ ಹನ್ನೆರಡು ದಿನ.

ತಂಡ ಕಟ್ಟಲು ಒಂದು ಉಪಾಯ ಮಾಡಿದೆ. ಆಸಕ್ತಿ ತೋರಿಸಿದ ಹನ್ನೆರಡು ಮಂದಿಗೆ ಪತ್ರಿಕೆಯ ಒಂದು ಲೇಖನ ಕೊಟ್ಟು, ಇದರ ಸಾರಾಂಶ ಬೇಡ, ಇದನ್ನು ಓದಿ ನಿಮಗೆ ಹುಟ್ಟಿದ ಮೂರು ಪ್ರಶ್ನೆ ಬರೆದು ತನ್ನಿ ಎಂದೆ. ಒಳ್ಳೆಯ ಪ್ರಶ್ನೆ ತಂದವರು ಮೂವರು. ಒಬ್ಬ ಡಿಬೇಟಿನಲ್ಲಿ ಹೆಸರು ಮಾಡಿದ ದೆಹಲಿಯ ಹುಡುಗ. ಇನ್ನೊಬ್ಬ ಮಲಯಾಳಿ, ಅಂಕಿಗಳನ್ನು ಕೊಟ್ಟರೆ ಚೆಂದದ ಗ್ರಾಫ್ ಮಾಡಿ ತರುವವನು. ಮೂರನೆಯವಳು ದೋಹಾದ ಹೊರಗಿನ ಕೈಗಾರಿಕಾ ಪಟ್ಟಣ ಮೆಸಯೀದ್‌ನಿಂದ ಬರುವ, ನಮ್ಮ ಕರಾವಳಿ ಕಡೆಯ ಬ್ಯಾರಿ ಹುಡುಗಿ. ಅವಳ ತಂದೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಟೆಕ್ನೀಶಿಯನ್, ವಾಸ ಕಂಪೆನಿಯ ಕ್ವಾರ್ಟರ್ಸಿನಲ್ಲಿ. ಅವಳು ಬರೆದು ತಂದ ಮೂರೂ ಪ್ರಶ್ನೆ ಒಂದೇ ಜಾತಿಯವು: ಇದು ಲೇಖಕರಿಗೆ ಹೇಗೆ ಗೊತ್ತು? ವೇದಿಕೆ ಮೇಲೆ ಮಾತಾಡಲು ತನ್ನಿಂದ ಆಗದು, ಹುಡುಕುವ ಕೆಲಸ ಕೊಡಿ ಎಂದು ಮೊದಲ ದಿನವೇ ಹೇಳಿಬಿಟ್ಟಳು.

ದೇಶ ಆರಿಸುವ ದಿನ ಲೈಬ್ರರಿಯಲ್ಲಿ ಕೂತೆವು. ಡಿಬೇಟ್ ಹುಡುಗನಿಗೆ ಜರ್ಮನಿ ಬೇಕಿತ್ತು, ಅದು ದೊಡ್ಡದು ಅಂತ. ಗ್ರಾಫಿನ ಹುಡುಗ ಆಗಷ್ಟೇ ಯೂರೋಗೆ ಸೇರಿದ್ದ ಸ್ಲೊವಾಕಿಯಾ ಎಂದ. ಹುಡುಗಿ ಗ್ರೀಸ್ ಎಂದಳು. ಅಲ್ಲಿಯ ಸರಕಾರ ಕೊಡುವ ಅಂಕಿಗಳ ಮೇಲೆ ಹಿಂದೆ ಒಮ್ಮೆ ಅನುಮಾನ ಬಂದಿತ್ತಂತೆ, ಅದನ್ನು ನೋಡೋಣ ಎಂದಳು. ವರ್ಷ ಕಳೆಯುವುದರೊಳಗೆ ಇಡೀ ಜಗತ್ತಿನ ಪತ್ರಿಕೆಗಳಲ್ಲಿ ಗ್ರೀಸಿನ ಹೆಸರೇ ತುಂಬಿಕೊಂಡಾಗ ನನಗೆ ಆ ಮಧ್ಯಾಹ್ನ ನೆನಪಾಗಿ ನಾಚಿಕೆಯಾಗಿತ್ತು. ಏಕೆಂದರೆ ನಾನು ಮೂವರ ಮಾತನ್ನೂ ಪಕ್ಕಕ್ಕಿಟ್ಟು ಐರ್ಲೆಂಡ್ ಎಂದೆ. ಕಾರಣಗಳನ್ನೂ ಕೊಟ್ಟೆ. ಎಲ್ಲರಿಗಿಂತ ವೇಗವಾಗಿ ಏರಿದ ದೇಶ, ಮನೆ ಕಟ್ಟುವ ಹುಚ್ಚಿನಲ್ಲಿ ಬಿದ್ದದ್ದೂ ಅಷ್ಟೇ ವೇಗವಾಗಿ, ಇಂಗ್ಲಿಷಿನಲ್ಲಿ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಎಲ್ಲವೂ ಸರಿಯಾದ ಕಾರಣಗಳೇ. ನಿಜವಾದ ಕಾರಣವನ್ನು ಮಾತ್ರ ಹೇಳಲಿಲ್ಲ. ಹೆಂಡತಿ ಮಗಳು ಐರ್ಲೆಂಡಿನಲ್ಲಿದ್ದಾರೆಂಬುದು ಆ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ.

ಕೆಲಸ ಹೀಗೆ ಸಾಗಿತು. ಭಾನುವಾರ ಮತ್ತು ಬುಧವಾರ ಶಾಲೆ ಬಿಟ್ಟ ಮೇಲೆ ಮೂರೂವರೆವರೆಗೆ. ಮೂರೂವರೆಗೆ ಮೆಸಯೀದ್‌ನ ಕಂಪೆನಿ ಬಸ್ಸು ಶಾಲೆಯ ಹತ್ತಿರ ಬರುತ್ತಿತ್ತು, ಹುಡುಗಿ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ಮೊದಲ ಎರಡು ವಾರ ಬರೀ ಒಂದು ವಿಚಾರ ಅರ್ಥ ಮಾಡಿಸಲು ಹೋಯಿತು: ತನ್ನದೇ ನಾಣ್ಯ ಇರುವ ದೇಶ ಕಷ್ಟಕ್ಕೆ ಸಿಕ್ಕಿದರೆ ಆ ನಾಣ್ಯದ ಬೆಲೆ ಇಳಿಸಬಹುದು. ಆಗ ಅದರ ಸಾಮಾನು ಹೊರಗಿನವರಿಗೆ ಅಗ್ಗವಾಗಿ ವ್ಯಾಪಾರ ಚೇತರಿಸಿಕೊಳ್ಳುತ್ತದೆ. ನಾಣ್ಯ ಹದಿನಾರು ದೇಶಗಳಿಗೆ ಒಂದೇ ಆದಾಗ ಒಂದು ದೇಶ ತನ್ನಷ್ಟಕ್ಕೆ ಹಾಗೆ ಮಾಡಲಾಗದು. ಬಡ್ಡಿದರವೂ ಎಲ್ಲರಿಗೂ ಒಂದೇ. ಗ್ರಾಫಿನ ಹುಡುಗ ತನ್ನ ಬಿಲ್ಡಿಂಗಿನ ಉದಾಹರಣೆ ಕೊಟ್ಟ. ಅಲ್ಲಿ ಎಸಿಯ ಸ್ವಿಚ್ ಕಾವಲುಗಾರನ ಕೋಣೆಯಲ್ಲಿ ಒಂದೇ ಇದೆಯಂತೆ, ಕೆಳಗಿನ ಮನೆಯವರು ಕಂಬಳಿ ಹೊದೆಯುತ್ತಾರೆ, ಮೇಲಿನ ಮನೆಯವರು ಬೆವರುತ್ತಾರೆ. ಅದನ್ನೇ ಎರಡನೆಯ ಸ್ಲೈಡಿಗೆ ಹಾಕಿದೆವು.

ಶುಕ್ರವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗಿ ಬಂದು ನಾನು ಹೆಂಡತಿಗೆ ಫೋನ್ ಮಾಡುವುದು ರೂಢಿ. ಆ ತಿಂಗಳುಗಳಲ್ಲಿ ನಮ್ಮ ಮಾತು ಉದ್ದವಾಯಿತು. ನಾನು ಕೇಳುತ್ತಿದ್ದೆ: ನಿಮ್ಮ ಬೀದಿಯ ಹೊಸ ಮನೆಗಳು ಮಾರಾಟವಾದವೇ? ಅಂಗಡಿಗಳು ಎಷ್ಟು ಮುಚ್ಚಿವೆ? ಪೋಲೆಂಡಿನಿಂದ ಬಂದ ಕೆಲಸಗಾರರು ವಾಪಸು ಹೋಗುತ್ತಿದ್ದಾರೆಯೇ? ಅವಳು ನೋಡಿದ್ದನ್ನೆಲ್ಲ ಹೇಳುತ್ತಿದ್ದಳು. ಊರ ಹೊರಗೆ ಅರ್ಧ ಕಟ್ಟಿ ಬಿಟ್ಟ ಮನೆಗಳ ಸಾಲು, ಬೀದಿದೀಪ ಉರಿಯುತ್ತದೆ, ಒಳಗೆ ಒಂದು ಜನ ಇಲ್ಲ ಎಂದಳು. ನಾನು ಬರೆದುಕೊಂಡೆ. ಭಾನುವಾರ ಹೋಗಿ ಎಲ್ಲೋ ಓದಿದವನ ಹಾಗೆ ಮಕ್ಕಳಿಗೆ ಹೇಳಿದೆ. ಮಗಳು ಫೋನಿಗೆ ಬಂದಾಗ ಅವಳ ಕ್ಲಾಸಿನಲ್ಲಿ ಎಷ್ಟು ಮಕ್ಕಳ ಅಪ್ಪಂದಿರಿಗೆ ಕೆಲಸ ಹೋಗಿದೆ ಎಂದು ಕೂಡ ಕೇಳಿದ್ದೆ.

ಮಾರ್ಚ್ ಕೊನೆಗೆ ಮೊದಲ ಸುತ್ತು. ಅಭ್ಯಾಸದಲ್ಲಿ ಇಪ್ಪತ್ತೆರಡು ನಿಮಿಷ ಬರುತ್ತಿದ್ದ ಮಾತನ್ನು ಕಡಿದು ಕಡಿದು ಹದಿನಾಲ್ಕೂವರೆಗೆ ತಂದಿದ್ದೆವು. ಹಳೆಯ ಪೇಟೆ ಮುಶೈರಿಬ್‌ನಲ್ಲಿ ಒಂದು ಝೆರಾಕ್ಸ್ ಅಂಗಡಿಯಿತ್ತು, ಬೀದಿಯನ್ನೇ ಒಡೆಯುತ್ತಾರೆಂದು ಅಕ್ಕಪಕ್ಕದವರೆಲ್ಲ ಖಾಲಿ ಮಾಡಿದ ಮೇಲೂ ಉಳಿದುಕೊಂಡದ್ದು. ಅಲ್ಲಿ ಸ್ಲೈಡುಗಳ ಬಣ್ಣದ ಪ್ರತಿ ಮಾಡಿಸಿ ತೀರ್ಪುಗಾರರಿಗೆ ಒಂದೊಂದು ಕೊಟ್ಟೆವು. ಡಿಬೇಟ್ ಹುಡುಗ ಚೆನ್ನಾಗಿಯೇ ಮಾತಾಡಿದ. ಪ್ರಶ್ನೆಯ ಹೊತ್ತಿನಲ್ಲಿ ಬಿದ್ದೆವು. ಮೂವರು ತೀರ್ಪುಗಾರರಲ್ಲಿ ಬ್ಯಾಂಕೊಂದರ ಅರ್ಥಶಾಸ್ತ್ರಜ್ಞೆ ಒಬ್ಬರಿದ್ದರು, ಐವತ್ತು ದಾಟಿದವರು. ನಿಮ್ಮ ಪರಿಹಾರದ ಪಟ್ಟಿಯಲ್ಲಿ ತರಬೇತಿ ಇದೆ, ರಫ್ತು ಹೆಚ್ಚಿಸುವುದಿದೆ, ಯೂರೋಪಿನ ನಿಧಿಯಿದೆ, ಯಾರಿಗೂ ನೋವಾಗುವ ಒಂದೇ ಒಂದು ಸಂಗತಿ ಇಲ್ಲವಲ್ಲ, ಅಂಥ ಪರಿಹಾರ ಇದ್ದಿದ್ದರೆ ಆ ದೇಶ ಇಷ್ಟು ಹೊತ್ತಿಗೆ ಮಾಡಿರುತ್ತಿರಲಿಲ್ಲವೇ ಎಂದು ಕೇಳಿದರು. ಹುಡುಗ ಅದೇ ಪಟ್ಟಿಯನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಿದ. ಫೈನಲಿಗೆ ಆರಿಸಿದ ನಾಲ್ಕು ಶಾಲೆಗಳಲ್ಲಿ ನಮ್ಮದು ನಾಲ್ಕನೆಯದು.

ಏಪ್ರಿಲ್ ಮೊದಲ ವಾರ ಡಿಬೇಟ್ ಹುಡುಗ ಬಿಟ್ಟುಹೋದ. ಮನೆಯವರು ಅವನನ್ನು ಎಂಟ್ರೆನ್ಸ್ ಕೋಚಿಂಗಿಗೆಂದು ರಾಜಸ್ಥಾನಕ್ಕೆ ಕಳಿಸಿದರು. ಅವನ ಪಾಲಿನ ಮಾತು ಹುಡುಗಿಯ ತಲೆಗೆ ಬಂತು. ಅವಳು ಎರಡು ದಿನ ಲೈಬ್ರರಿಗೇ ಬರಲಿಲ್ಲ. ಮೂರನೆಯ ದಿನ ಬಂದಾಗ ಕೈಯಲ್ಲಿ ಒಂದು ಹಾಳೆ ಇತ್ತು. ಬೇರೆಯವರು ಬರೆದದ್ದನ್ನು ನನಗೆ ಹೇಳಲಿಕ್ಕೆ ಆಗುವುದಿಲ್ಲ, ಇದನ್ನಾದರೆ ಹೇಳಬಲ್ಲೆ ಎಂದಳು.

ಓದಿದೆ. ನಾಣ್ಯದ ಬೆಲೆ ಇಳಿಸಲಾಗದ ದೇಶ ಒಳಗಿನ ಬೆಲೆಗಳನ್ನೇ ಇಳಿಸಬೇಕು, ಎಂದರೆ ಸಂಬಳಗಳನ್ನು. ಸರಕಾರದ ವರಮಾನ ಕುಸಿದಿದೆ, ಖರ್ಚಿನ ದೊಡ್ಡ ಭಾಗ ಸಂಬಳ, ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು, ಅಲ್ಲಿ ಈಗಾಗಲೇ ಶುರುವಾಗಿರುವಂತೆ ಹೊಸ ನೇಮಕ ಪೂರ್ತಿ ನಿಲ್ಲಿಸಬೇಕು. ಕೆಳಗೆ ಎಲ್ಲಿ ಏನು ಓದಿದ್ದು ಎಂಬ ಪಟ್ಟಿ. ಆ ತೀರ್ಪುಗಾರ್ತಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಅದು. ಹನ್ನೊಂದು ಮುಗಿಸಿ ಹನ್ನೆರಡಕ್ಕೆ ಬಂದ ಹುಡುಗಿಯೊಬ್ಬಳು ತಾನಾಗಿ ಅಲ್ಲಿಗೆ ತಲುಪಿದ್ದಕ್ಕೆ ನಾನು ಕುಣಿಯಬೇಕಿತ್ತು. ಕೆಂಪು ಪೆನ್ನು ತೆಗೆದು ಸರಕಾರಿ ಸಂಬಳ, ನೇಮಕ ಎಂದಿದ್ದ ಎರಡೂ ಪ್ಯಾರಾ ಹೊಡೆದು ಹಾಕಿದೆ. ಇದು ತುಂಬ ಕಠಿಣವಾಯಿತು, ಯೂರೋಪಿನ ನಿಧಿಯ ಬಗ್ಗೆ ಇನ್ನೂ ನಾಲ್ಕು ಮಾತು ಸೇರಿಸು ಎಂದೆ.

ಬುಧವಾರ ಅವಳು ತಿದ್ದಿ ತಂದಳು. ಮಾತು ಮೆತ್ತಗಾಗಿತ್ತು, ವಿಚಾರ ಅದೇ. ಮತ್ತೆ ಹೊಡೆದೆ. ಗ್ರಾಫಿನ ಹುಡುಗ ತಲೆ ಎತ್ತಿ ಒಮ್ಮೆ ನೋಡಿ ಲ್ಯಾಪ್‌ಟಾಪಿಗೆ ಮರಳಿದ. ಹುಡುಗಿ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟಳು. ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತಳು. ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡುವವಳು ಆಗ ರಜೆಯಲ್ಲಿ ಊರಿಗೆ ಹೋಗಿ ಕಲಿತ ಕನ್ನಡದಲ್ಲಿ ಕೇಳಿದಳು, “ಸಾರ್, ಇದು ತಪ್ಪು ಅಂತ ನೀವು ಒಮ್ಮೆ ಸಹ ಹೇಳ್ಲಿಲ್ಲ. ಬೇಡ ಅಂತ ಮಾತ್ರ ಹೇಳ್ತೀರಿ. ಯಾಕೆ?”

ತೀರ್ಪುಗಾರರಿಗೆ ಇಷ್ಟವಾಗಲಿಕ್ಕಿಲ್ಲ ಎಂದೆ. ಅವಳು ನಂಬಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬಸ್ಸಿನ ಹೊತ್ತಾಗಿತ್ತು, ಹೋದಳು.

ಆ ಶುಕ್ರವಾರ ಚರ್ಚಿನಿಂದ ಬಂದು ಫೋನ್ ಮಾಡಿದೆ. ಐರ್ಲೆಂಡಿನ ಸರಕಾರ ನೇಮಕಾತಿ ನಿಲ್ಲಿಸಿದೆ ಎಂದು ನಾನೂ ಓದಿದ್ದೆ. ನಿಮ್ಮ ಆಸ್ಪತ್ರೆಯಲ್ಲಿ ಅದರ ಪರಿಣಾಮ ಏನು, ಎಷ್ಟು ಜನಕ್ಕೆ ತಾಗುತ್ತದೆ ಎಂದು ವಿಚಾರಿಸಿದೆ. ತಾತ್ಕಾಲಿಕ ಕಾಂಟ್ರಾಕ್ಟಿನವರನ್ನು ಜೂನಿನ ನಂತರ ಮುಂದುವರಿಸುವುದಿಲ್ಲ ಎಂದು ಪತ್ರ ಬಂದಿದೆ ಎಂದಳು. ಯಾರಿಗೆ ಎಂದು ನಾನು ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ನನಗೆ,” ಎಂದಳು. “ಎರಡು ವಾರ ಆಯ್ತು.”

ಎರಡು ವಾರ ಯಾಕೆ ಹೇಳಲಿಲ್ಲ ಎಂದೆ. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನೀವು ಕೇಳುದು ಐರ್ಲೆಂಡಿನ ಬಗ್ಗೆ ಮಾರಾಯ್ರೆ. ಮನೆ ಎಷ್ಟು ಖಾಲಿ, ಅಂಗಡಿ ಎಷ್ಟು ಬಂದ್. ನನ್ನ ಬಗ್ಗೆ ಕೇಳಿ ಎಷ್ಟು ದಿನ ಆಯ್ತು, ಲೆಕ್ಕ ಉಂಟಾ? ಮಗುವಿನತ್ರ ಸಹ ಅದೇ ಕೇಳ್ತೀರಿ. ಅಪ್ಪ ನ್ಯೂಸ್ ಪೇಪರಿನಲ್ಲಿ ಕೆಲ್ಸ ಮಾಡುದಾ ಅಂತ ಕೇಳಿದ್ಳು.”

ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಶುಕ್ರವಾರ ಮಧ್ಯಾಹ್ನ ದೋಹಾದಲ್ಲಿ ರಸ್ತೆಗಳೂ ಮಲಗಿರುತ್ತವೆ. ಗೋಡೆಯಾಚೆಯ ತುಂಡಿನ ಮನೆಯಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು, ಅದರ ಸೀಟಿ ಕೇಳುತ್ತಿತ್ತು. ಆ ಮನೆಯಲ್ಲಿರುವವರು ಯಾರು ಎಂದು ಕೂಡ ನನಗೆ ಗೊತ್ತಿರಲಿಲ್ಲ. ಜೊತೆಗೆ ಯಾರೂ ಇಲ್ಲದವನು ಒಂಟಿ ಎಂದು ತಿಳಿದಿದ್ದೆ. ಫೋನಿನಲ್ಲಿ ಜೊತೆಗಿದ್ದ ಇಬ್ಬರನ್ನು ನಾನೇ ಮಾಹಿತಿ ಮಾಡಿಕೊಂಡು ಬರೆದಿಟ್ಟಿದ್ದೆ ಎಂದು ಅಂದು ತಿಳಿಯಿತು.

ಶನಿವಾರ ಫೈನಲಿನ ನಮೂನೆ ತುಂಬಲು ಕೂತೆ. ಭಾನುವಾರ ಅದನ್ನು ಕಳಿಸಬೇಕಿತ್ತು. ಶಾಲೆಯ ಹೆಸರು, ವಿದ್ಯಾರ್ಥಿಗಳ ಹೆಸರು, ದೇಶ. ಕೊನೆಯ ಸಾಲಿನಲ್ಲಿ ಸಹಿ. ಮೊದಲ ಸುತ್ತಿನಲ್ಲಿ ಆ ಸಾಲನ್ನು ಓದದೆ ಸಹಿ ಹಾಕಿದ್ದೆ. ಈಗ ಓದಿದೆ. ದೇಶ ಆರಿಸಿದ್ದು ನಾನು. ಐರ್ಲೆಂಡಿನ ಉದಾಹರಣೆಗಳು ನನ್ನ ಹೆಂಡತಿಯವು. ಉಳಿದಿದ್ದ ಒಂದೇ ಒಂದು ತೀರ್ಮಾನ ಅವರದ್ದಾಗಿತ್ತು, ಅದನ್ನು ಎರಡು ಸಲ ಕೆಂಪು ಪೆನ್ನಿನಲ್ಲಿ ಹೊಡೆದಿದ್ದೆ. ಹೊಡೆದದ್ದು ಅದು ತಪ್ಪೆಂದಲ್ಲ. ಆ ವಾಕ್ಯದ ಕೆಳಗೆ ನಿಂತವಳು ನನ್ನವಳು ಎಂದು. ಸಹಿ ಹಾಕದೆ ನಮೂನೆಯನ್ನು ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಲೈಬ್ರರಿಯಲ್ಲಿ ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದೆ. ವಿದ್ಯಾರ್ಥಿಗಳೆದುರು ಸ್ವಂತ ಮನೆಯ ವಿಷಯ ತೆಗೆದವನಲ್ಲ ನಾನು, ಮಾತು ತಡವರಿಸಿತು. ನನ್ನ ಹೆಂಡತಿ ಮಗಳು ಅಲ್ಲಿದ್ದಾರೆ, ನೇಮಕ ನಿಲ್ಲಿಸಿದರೆ ನರ್ಸ್ ಆಗಿರುವ ಅವಳ ಕೆಲಸಕ್ಕೂ ಕುತ್ತು ಎಂಬ ಭಯಕ್ಕೇ ನಾನು ಹೊಡೆದು ಹಾಕಿದ್ದು, ಈಗ ಅದು ಹೋಗಿಯೂ ಇದೆ. ನಾನು ಮಾಡಿದ್ದು ಸರಿಯಲ್ಲ. ಇನ್ನು ನೀವು ಬರೆದದ್ದೇ ಫೈನಲಿಗೆ ಹೋಗುತ್ತದೆ. ಇಲ್ಲ, ಸಾರ್‌ನೊಂದಿಗೆ ಕೆಲಸ ಬೇಡ ಎಂದರೆ ಬೇರೆ ಟೀಚರನ್ನು ಕೇಳಿಕೊಳ್ಳುತ್ತೇನೆ.

ಹುಡುಗ ನೆಲ ನೋಡುತ್ತಿದ್ದ. ಹುಡುಗಿ, ಆಂಟಿಯ ಹತ್ತಿರ ನಾವು ಮಾತಾಡಬಹುದಾ ಎಂದು ಕೇಳಿದಳು. ನಾನು ನಿರೀಕ್ಷಿಸಿದ ಪ್ರಶ್ನೆಯಲ್ಲ ಅದು. ಯಾಕೆ ಎಂದೆ.

“ನೇಮಕ ನಿಲ್ಲಿಸ್ಬೇಕು ಅಂತ ನಾನು ಬರೆದಿದ್ದು ರಿಪೋರ್ಟ್ ಓದಿ, ಸಾರ್. ಅಂಥವ್ರು ಯಾರೂ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತುಂಟಲ್ಲ.”

ನಮೂನೆಯನ್ನು ಎರಡು ದಿನ ತಡವಾಗಿ ಕಳಿಸಲು ಅನುಮತಿ ಕೇಳಿದೆ, ಕೊಟ್ಟರು. ಆ ಸಂಜೆ ಹೆಂಡತಿಗೆ ಫೋನ್ ಮಾಡಿ ಸ್ಪರ್ಧೆಯ ಕತೆ ಮೊದಲಿನಿಂದ ಹೇಳಿದೆ. ಅವಳಿಗೆ ಹಾಗೊಂದು ಸ್ಪರ್ಧೆ ನಡೆಯುತ್ತಿರುವುದೇ ಗೊತ್ತಿರಲಿಲ್ಲ. ತನ್ನ ಮಾತುಗಳು ಸ್ಲೈಡುಗಳಲ್ಲಿ ಇದ್ದವು ಎಂದು ಕೇಳಿ ಅವಳು ನಗಲೂ ಇಲ್ಲ, ಬೇಸರವನ್ನೂ ತೋರಿಸಲಿಲ್ಲ. ನಾಳೆ ತನಗೆ ರಜೆ, ಮಧ್ಯಾಹ್ನ ಮಕ್ಕಳು ಫೋನ್ ಮಾಡಲಿ ಎಂದಳು.

ಸೋಮವಾರ ನನ್ನ ಮೊಬೈಲನ್ನು ಅವರ ಮುಂದಿಟ್ಟು ನಾನು ಹೊರಗೆ ಹೋದೆ. ಲೈಬ್ರರಿಯ ಬಾಗಿಲಿಗೆ ಗಾಜಿತ್ತು, ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಹುಡುಗಿ ಮುಂದಕ್ಕೆ ಬಾಗಿ ಪ್ರಶ್ನೆ ಕೇಳುತ್ತಿದ್ದಳು, ಹುಡುಗ ಬರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಬರೆಯುವುದನ್ನು ನಿಲ್ಲಿಸಿ ಇಬ್ಬರೂ ಸುಮ್ಮನೆ ಕೇಳುತ್ತಾ ಕೂತರು. ಒಮ್ಮೆ ಹುಡುಗಿ ನಕ್ಕಳು. ನಲವತ್ತು ನಿಮಿಷ ಮಾತಾಡಿದರು. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ನಾನು ಖಾಲಿ ಆಟದ ಮೈದಾನವನ್ನು ನೋಡುತ್ತಿದ್ದೆ. ನನ್ನ ಹೆಂಡತಿ ಯಾವ ಮಾತಿಗೆ ಆ ಹುಡುಗಿಯನ್ನು ನಗಿಸಿದಳೋ ನನಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ.

ಅವಳು ಹೇಳಿದ್ದನ್ನು ಹುಡುಗಿ ಮರುದಿನ ಒಂದು ಪುಟಕ್ಕೆ ಇಳಿಸಿ ತಂದಳು. ನೇಮಕ ನಿಲ್ಲಿಸಿದರೆ ಮೊದಲು ಹೋಗುವವರು ಹಾಸಿಗೆಯ ಪಕ್ಕ ನಿಲ್ಲುವ ತಾತ್ಕಾಲಿಕ ನರ್ಸುಗಳು, ಹೊರಗೆ ಹಾಕಲು ಸುಲಭವಾದವರು ಅವರೇ. ರೋಗಿಗಳು ಕಡಿಮೆಯಾಗುವುದಿಲ್ಲ, ಆದ್ದರಿಂದ ಕೆಲವೇ ತಿಂಗಳಲ್ಲಿ ಅದೇ ಕೆಲಸಕ್ಕೆ ಏಜೆನ್ಸಿಗಳ ಮೂಲಕ ಹೆಚ್ಚು ಹಣ ಕೊಟ್ಟು ಜನ ತರಿಸಬೇಕಾಗುತ್ತದೆ. ಹುಡುಗಿ ತನ್ನ ತೀರ್ಮಾನವನ್ನು ಬಿಡಲಿಲ್ಲ. ಖರ್ಚು ಇಳಿಯಲೇಬೇಕು, ಅದರಲ್ಲಿ ಅನುಮಾನವಿಲ್ಲ ಎಂದಳು. ಆದರೆ ಜನರನ್ನು ತೆಗೆಯುವ ಬದಲು ಮೇಲಿನಿಂದ ಕೆಳಗಿನವರೆಗೆ ಎಲ್ಲರ ಸಂಬಳ ಸ್ವಲ್ಪ ಸ್ವಲ್ಪ ಇಳಿಯಲಿ, ಮೇಲಿನವರದ್ದು ಹೆಚ್ಚು ಇಳಿಯಲಿ ಎಂದು ತಿದ್ದಿದಳು. ಗ್ರಾಫಿನ ಹುಡುಗ ಎರಡು ದಾರಿಗಳನ್ನೂ ಅಕ್ಕಪಕ್ಕ ತೋರಿಸುವ ಒಂದು ಚಿತ್ರ ಮಾಡಿದ. ನಾನು ಕಾಗುಣಿತ ನೋಡಿ, ಒಂದು ಅಕ್ಷದ ಮೇಲೆ ವರ್ಷ ಹಾಕಿಲ್ಲ ಎಂದು ತೋರಿಸಿ ಸಹಿ ಹಾಕಿದೆ.

ಉಳಿದ ಹತ್ತು ದಿನ ನನಗೆ ಕೆಲಸವೇ ಇರಲಿಲ್ಲ. ಗಡಿಯಾರ ಹಿಡಿದು ಕೂರುವುದು, ಕಠಿಣ ಪ್ರಶ್ನೆ ಕೇಳುವುದು ಅಷ್ಟೆ. ಹುಡುಗಿ ಮೊದಮೊದಲು ಸ್ಲೈಡಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಮಾತಾಡುತ್ತಿದ್ದಳು. ಪರದೆಯನ್ನು ಆರಿಸಿ, ಸ್ಲೈಡೇ ಇಲ್ಲದೆ ಹೇಳು ಎಂದೆ. ಮೂರು ದಿನ ಹಾಗೆ ಮಾಡಿದ ಮೇಲೆ ತಿರುಗಿ ನಿಂತಳು. ಒಂದು ದಿನ ಅವಳ ತಂದೆ ಮೆಸಯೀದ್‌ನಿಂದ ಕಂಪೆನಿಯ ಸಮವಸ್ತ್ರದಲ್ಲೇ ಬಂದು ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದರು. ಹನ್ನೆರಡನೆಯ ಕ್ಲಾಸು, ಇದೆಲ್ಲ ಬೇಕಾ ಎಂದು ಕೇಳಲು ಬಂದವರು. ಮಗಳು ಮಾತಾಡುವುದನ್ನು ಕೊನೆಯವರೆಗೆ ಕೇಳಿ, ಹೋಗುವಾಗ ನನ್ನ ಹತ್ತಿರ ಇಷ್ಟೇ ಹೇಳಿದರು: “ಮನೆಯಲ್ಲಿ ಇವ್ಳ ಸ್ವರವೇ ಇಲ್ಲ ಸಾರ್. ಮುಗಿಯುವವರೆಗೆ ಬರ್ಲಿ.”

ಫೈನಲ್ ನಡೆದದ್ದು ಊರ ಹೊರಗಿನ ಒಂದು ಕಾಲೇಜಿನ ಸಭಾಂಗಣದಲ್ಲಿ. ಒಂದು ಬ್ರಿಟಿಷ್ ಶಾಲೆ, ಒಂದು ಲೆಬನಾನಿ ಶಾಲೆ, ಒಂದು ಅಮೆರಿಕನ್ ಶಾಲೆ, ನಾವು. ಮಿಕ್ಕವರು ನಾಲ್ಕು ನಾಲ್ಕು ಮಂದಿ, ಕೋಟು ಹಾಕಿಕೊಂಡವರು. ನಮ್ಮ ಇಬ್ಬರು ಶಾಲೆಯ ಯೂನಿಫಾರ್ಮಿನಲ್ಲಿ. ಹದಿನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ ಮಾತು ಮುಗಿಸಿದರು. ಹುಡುಗಿ ಎರಡು ಕಡೆ ಉಸಿರು ಸಿಗದೆ ನಿಂತಳು, ಎರಡೂ ಸಲ ಹುಡುಗ ಗ್ರಾಫಿನ ಕಡೆ ಕೈ ತೋರಿಸಿ ಅವಳಿಗೆ ಹೊತ್ತು ಕೊಟ್ಟ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಗಲ್ಫ್ ದೇಶಗಳು ಏಕ ನಾಣ್ಯ ತರಬೇಕೇ ಎಂಬ ಪ್ರಶ್ನೆ ಬಂತು. ಒಂದರ ಕಷ್ಟಕ್ಕೆ ಇನ್ನೊಂದು ಹೇಗೆ ನೆರವಾಗಬೇಕೆಂದು ಮೊದಲೇ ಬರೆದಿಟ್ಟುಕೊಂಡರೆ ತರಲಿ, ಯೂರೋಪಿನವರು ಅದನ್ನು ಸಾಕಷ್ಟು ಬರೆದಿಡಲಿಲ್ಲ ಎಂದ ಹುಡುಗ. ತೀರ್ಪುಗಾರರಲ್ಲಿ ಒಬ್ಬರಾದ ದೂತಾವಾಸದ ಅಧಿಕಾರಿ ಮೀಸೆಯಲ್ಲೇ ನಕ್ಕರು. ಆಮೇಲೆ ಮೊದಲ ಸುತ್ತಿನ ಆ ಅರ್ಥಶಾಸ್ತ್ರಜ್ಞೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ನೋವಿನ ಮಾತು ಹೇಳಿದ್ದೀರಿ, ಒಳ್ಳೆಯದು, ಆದರೆ ದೋಹಾದಲ್ಲಿ ಕೂತು ಹೇಳುವುದು ಸುಲಭ, ಸಂಬಳ ಕಳೆದುಕೊಳ್ಳುವ ಮನುಷ್ಯರ ಮುಖ ನೋಡಿ ಇದನ್ನು ಹೇಳುತ್ತೀರಾ ಎಂದು ಕೇಳಿದರು.

ಹಿಂದಿನ ಸಾಲಿನಲ್ಲಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಹುಡುಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು, “ಹೇಳಿದ್ದೇವೆ. ಅಲ್ಲಿಯ ಒಬ್ಬ ನರ್ಸಿಗೆ ಫೋನ್ ಮಾಡಿದೆವು. ಜೂನಿನಲ್ಲಿ ಅವರ ಕೆಲಸ ಹೋಗುತ್ತದೆ.”

ಅವರು ಏನೆಂದರು ಎಂದರು ತೀರ್ಪುಗಾರ್ತಿ.

“ಹತ್ತರಲ್ಲಿ ಒಂದು ಪಾಲು ಕಡಿಮೆ ಕೊಟ್ಟಿದ್ದರೂ ನಾನು ನಿಲ್ಲುತ್ತಿದ್ದೆ, ಯಾರೂ ನನ್ನನ್ನು ಕೇಳಲಿಲ್ಲ ಎಂದರು. ನಮ್ಮ ಮೊದಲಿನ ಪರಿಹಾರ ಬೇರೆ ಇತ್ತು. ಅವರ ಮಾತು ಕೇಳಿದ ಮೇಲೆ ಬದಲಿಸಿದೆವು.”

ತೀರ್ಪುಗಾರ್ತಿ ಕನ್ನಡಕ ಹಾಕಿಕೊಂಡು ಏನೋ ಬರೆದುಕೊಂಡರು. ಬೇರೆ ಪ್ರಶ್ನೆ ಕೇಳಲಿಲ್ಲ. ನನಗೆ ಮುಂದೆ ಕೆಲವು ನಿಮಿಷ ವೇದಿಕೆ ಸರಿಯಾಗಿ ಕಾಣಲಿಲ್ಲ. ಆ ಮಾತನ್ನು ನನ್ನ ಹೆಂಡತಿ ಆ ಮಕ್ಕಳಿಗೆ ಹೇಳಿದ್ದಳು, ನನಗೆ ಹೇಳಿರಲಿಲ್ಲ.

ಲೆಬನಾನಿ ಶಾಲೆಗೆ ಮೊದಲ ಸ್ಥಾನ, ನಮಗೆ ಎರಡನೆಯದು. ಅವರ ಪ್ರಶ್ನೋತ್ತರ ನಮಗಿಂತ ಮೇಲಿತ್ತು, ತೀರ್ಪಿನಲ್ಲಿ ತಕರಾರು ಮಾಡುವಂಥದ್ದು ಏನೂ ಇರಲಿಲ್ಲ. ಮಕ್ಕಳಿಗೆ ಪ್ರಮಾಣಪತ್ರ, ಒಂದು ದಪ್ಪ ಪುಸ್ತಕ. ಶಾಲೆಯ ವ್ಯಾನಿನಲ್ಲಿ ಹುಡುಗನನ್ನು ಇಳಿಸಿ, ಹುಡುಗಿಯನ್ನು ಅವಳ ತಂದೆಗೆ ಒಪ್ಪಿಸಿ, ಅಲ್ ಅಜೀಜಿಯಾಕ್ಕೆ ಬರುವಾಗ ವ್ಯಾನಿನಲ್ಲಿ ಡ್ರೈವರು ಮತ್ತು ನಾನು ಇಬ್ಬರೇ. ಜೀತ್‌ಗಯಾ ಕ್ಯಾ ಸಾಬ್ ಎಂದು ಅವನು ಕೇಳಿದ. ಸೆಕೆಂಡ್ ಎಂದೆ. ಮಾಫಿ ಮುಶ್ಕಿಲ್, ತೊಂದರೆ ಇಲ್ಲ ಎಂದ. ಕೆಲವೇ ವಾರಗಳಲ್ಲಿ ಪಕ್ಕದ ದೇಶವೊಂದು ಗಲ್ಫ್ ನಾಣ್ಯದ ಒಪ್ಪಂದದಿಂದ ಹೊರಬಂದ ಸುದ್ದಿ ಪತ್ರಿಕೆಯಲ್ಲಿ ಬಂತು. ಹುಡುಗ ಅದನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದ.

ಜೂನ್ ಕೊನೆಗೆ ಹೆಂಡತಿಯ ಕಾಂಟ್ರಾಕ್ಟ್ ಮುಗಿಯಿತು. ಮಗಳ ಶಾಲೆ ಮುರಿಯಬಾರದೆಂದು ಅವಳು ಅಲ್ಲೇ ವೃದ್ಧರ ಶುಶ್ರೂಷಾಲಯವೊಂದರಲ್ಲಿ ಕೆಲಸ ಹಿಡಿದಳು. ನಾನು ದೋಹಾದಲ್ಲಿ ಮತ್ತೆ ಎರಡು ವರ್ಷ ಉಳಿದೆ. ಆದರೆ ಆ ಜುಲೈಯಲ್ಲಿ, ಮಾನ್ಯತೆಯ ಕಾಗದಕ್ಕೆ ಕಾಯದೆ, ವಿಸಿಟ್ ವೀಸಾ ಮಾಡಿಸಿ ಐದು ವಾರಕ್ಕೆ ಹೋದೆ.

ವಿಮಾನ ನಿಲ್ದಾಣದ ಹೊರಗೆ ಸಣ್ಣ ಮಳೆಯಿತ್ತು. ಮಗಳು ನನ್ನ ಭುಜದವರೆಗೆ ಬೆಳೆದಿದ್ದಳು, ತಾಯಿಯ ಹಿಂದೆ ಅರ್ಧ ನಿಂತು ಇಂಗ್ಲಿಷಿನಲ್ಲಿ ಹಲೋ ಎಂದಳು. ಹೆಂಡತಿ ಪಾರ್ಕಿಂಗಿನಲ್ಲಿ ಒಂದು ಹಳೆಯ ನೀಲಿ ಕಾರಿನ ಡಿಕ್ಕಿ ತೆಗೆದು ನನ್ನ ಪೆಟ್ಟಿಗೆ ಹಾಕಿ, ಹೋಗಿ ಸ್ಟಿಯರಿಂಗಿನ ಮುಂದೆ ಕೂತಳು. ನಾನು ಬಾಗಿಲು ಹಿಡಿದು ಹಾಗೇ ನಿಂತೆ. ಡ್ರೈವಿಂಗ್ ಯಾವಾಗ ಕಲಿತದ್ದು ಎಂದು ಕೇಳಿದೆ.

“ಹೋದ ವರ್ಷ ಸೆಪ್ಟೆಂಬರಲ್ಲಿ,” ಎಂದಳು. “ಮೂರು ಸಲ ಫೇಲಾಗಿ.”

ಹೋದ ಸೆಪ್ಟೆಂಬರಿನಲ್ಲಿ ನಾನು ಪ್ರತಿ ಶುಕ್ರವಾರ ಫೋನ್ ಮಾಡಿದ್ದೆ, ಒಂದನ್ನೂ ತಪ್ಪಿಸಿರಲಿಲ್ಲ. ಮೂರು ಸಲ ಯಾಕೆ ಫೇಲಾಯಿತು, ಹೇಳು ಎಂದೆ. ಅವಳು ಒಮ್ಮೆ ನನ್ನ ಕಡೆ ನೋಡಿ, ಕನ್ನಡಿ ಸರಿ ಮಾಡಿಕೊಂಡು ಕಾರು ಹೊರಡಿಸಿದಳು. ಮೊದಲನೆಯ ಸಲದ್ದರಿಂದ ಹೇಳಲು ಶುರು ಮಾಡಿದಳು. ಹಿಂದಿನ ಸೀಟಿನಿಂದ ಮಗಳು ಮುಂದಕ್ಕೆ ಬಾಗಿ, ನನ್ನ ಸೀಟ್ ಬೆಲ್ಟ್ ಎಲ್ಲಿದೆ ಎಂದು ತೋರಿಸಿಕೊಟ್ಟಳು.